ಕಾಲೇಜು ಅಂದ್ರೆ ಯಾವ ಕಾಲೇಜು ಮಾರಾಯ್ರೆ?

ನಮ್ಮಲ್ಲಿ ಹತ್ತನೇ ಕ್ಲಾಸ್ ಮುಗಿದ್ರೆ ಮಕ್ಕಳು ಕಾಲೇಜಿಗೆ ಹೋಗ್ತಾರೆ, ಅದೇ ಸಿಬಿಎಸ್‌ಇಲಿ ಓದೋ ಪಕ್ಕದ ಮನೆ ಹುಡುಗ ಅದೇ ವಯಸ್ಸಲ್ಲಿ ಇನ್ನೂ ಸ್ಕೂಲು, ಟೈ ಕಟ್ಕೊಂಡು ಹನ್ನೊಂದನೇ ಕ್ಲಾಸ್. ಸರಿ, ಬಿಡಿ. ಆದ್ರೆ ಬೇರೆ ರಾಜ್ಯದವರ ಅರ್ಜಿಲಿ ಕಾಲೇಜ್ ಅಂತ ಕೇಳಿದ್ರೆ ಪಿಯುಸಿದು ಹಾಕ್ಬೇಕಾ ಡಿಗ್ರಿದು ಹಾಕ್ಬೇಕಾ? ಯಾರೂ ಹೇಳಲ್ಲ.

ಇದಕ್ಕಿಂತ ದೊಡ್ಡ ತಲೆನೋವು ಅಂದ್ರೆ ನಮ್ಮ ಊರುಗಳ 'ಸರ್ಕಾರಿ ಪದವಿಪೂರ್ವ ಕಾಲೇಜು, ಪ್ರೌಢಶಾಲಾ ವಿಭಾಗ' ಅನ್ನೋ ಹೆಸರು. ಎಂಟನೇ ಕ್ಲಾಸ್ ಮಗುನೂ ಅಲ್ಲೇ ಓದೋದು, ಬೋರ್ಡಲ್ಲಿ ಕಾಲೇಜು, ಟಿಸಿಲೂ ಕಾಲೇಜು. ನಮ್ಮ ಅಕ್ಕನ ಮಗಳು ಸಿಇಟಿಗೆ ಅಂತ ಸ್ಟಡಿ ಸರ್ಟಿಫಿಕೇಟ್ ತಗೊಂಡು ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಮೇಲುಸಹಿಗೆ ಹೋದ್ರೆ, ಅಲ್ಲಿನ ಕ್ಲರ್ಕು ಸೀಲಲ್ಲಿ ಪದವಿಪೂರ್ವ ಕಾಲೇಜು ಅಂತಿರೋದು ನೋಡಿ, ಇದು ನಮಗೆ ಬರಲ್ಲಮ್ಮ ಪಿಯು ಇಲಾಖೆಗೆ ಹೋಗಿ ಅಂದ್ರು, ಕೆಳಗೆ ಎಂಟರಿಂದ ಹತ್ತು ಅಂತ ಸ್ಪಷ್ಟವಾಗಿ ಬರ್ದಿದ್ರೂ ಓದ್ಲೇ ಇಲ್ಲ. ಹೈಸ್ಕೂಲು ಬಿಇಓ ವ್ಯಾಪ್ತಿಗೇ ಬರೋದು ಅಂತ ಹೆಡ್‌ಮಾಸ್ಟ್ರು ಫೋನ್ ಮಾಡಿ ಹೇಳಿದ್ಮೇಲೇ ಸಹಿ ಬಿದ್ದಿದ್ದು. ಹಳ್ಳಿಯಿಂದ ಬಸ್ ಹಿಡ್ಕೊಂಡು ಬಂದು ಕೂಲಿ ಕಳ್ಕೊಂಡು ನಿಂತಿರೋ ಅಪ್ಪಅಮ್ಮಂದಿರಿಗೆ ಹಿಂಗೆ ಮಾಡಿದ್ರೆ ಅವ್ರು ಯಾರಿಗೆ ಫೋನ್ ಮಾಡಿಸ್ಬೇಕು?

2022ರಲ್ಲಿ ಎಸೆಸೆಲ್ಸಿ, ಪಿಯು ಎರಡರ ಪರೀಕ್ಷೆನೂ ಒಂದೇ ಮಂಡಳಿ ಕೆಳಗೆ ತಂದ್ರಲ್ಲ, ಹಂಗೇ ಹೈಸ್ಕೂಲ್ ವಿಭಾಗದ ಸೀಲಲ್ಲಿ ಪ್ರೌಢಶಾಲೆ ಅಂತ ಮೊದಲು, ದಪ್ಪಕ್ಷರದಲ್ಲಿ ಹಾಕ್ಸಿ ಸ್ವಾಮಿ.