ನಮ್ಮ ಮನೆಯ ಕೇಬಲ್‌ನವನು

ಮೂರು ಓಟಿಟಿಗಳ ಚಂದಾ ಒಂದೇ ವಾರದಲ್ಲಿ ಮುಗಿದು, ಮೂರೂ ಕಡೆಯಿಂದ ನವೀಕರಣದ ಸಂದೇಶ ಬಂದಾಗ, ಅಟ್ಟದ ಮೇಲೆ ಹಳೆಯ ಸೀರೆ ಹೊದ್ದು ಕೂತಿದ್ದ ಡೆಸ್ಕ್‌ಟಾಪ್ ನನಗೆ ನೆನಪಾಯಿತು. ಮನೆಯಲ್ಲಿ ಒಂದು ಟ್ರಂಕಿನಷ್ಟು ಡಿವಿಡಿಗಳಿದ್ದವು, ಅಪ್ಪ ಕ್ಯಾಸೆಟ್ಟಿನಿಂದ ಸಿಡಿಗೆ ಹಾಕಿಸಿಟ್ಟಿದ್ದ ಭಾವಗೀತೆಗಳಿದ್ದವು, ತಂಗಿಯ ಮದುವೆಯ ವಿಡಿಯೊ ಇತ್ತು. ಇವನ್ನೆಲ್ಲ ಒಂದೇ ಕಂಪ್ಯೂಟರಿಗೆ ತುಂಬಿ, ವೈಫೈ ಮೂಲಕ ಹಾಲಿನ ಟಿವಿಗೂ ಕೋಣೆಯ ಫೋನಿಗೂ ಬಡಿಸುವ ಜೆಲ್ಲಿಫಿನ್ ಎಂಬ ತಂತ್ರಾಂಶ ಪುಕ್ಕಟೆಯಾಗಿ ಸಿಗುತ್ತದೆಂದು ತಿಳಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. 2018ರಲ್ಲಿ ಎಂಬಿ ಎನ್ನುವ ತಂತ್ರಾಂಶದವರು ತಮ್ಮ ಸೋರ್ಸ್ ಕೋಡಿಗೆ, ಅಂದರೆ ತಂತ್ರಾಂಶದ ಮೂಲ ಬರಹಕ್ಕೆ, ಬಾಗಿಲು ಹಾಕಿದಾಗ, ಒಪ್ಪದ ಕೆಲವರು ಅಲ್ಲಿಯವರೆಗಿನ ಕೋಡನ್ನು ಹೊತ್ತುಕೊಂಡು ಬೇರೆ ಸಂಸಾರ ಹೂಡಿದ್ದರ ಫಲವಂತೆ ಅದು. ಸ್ವಯಂಸೇವಕರೇ ನಡೆಸುವ ವ್ಯವಸ್ಥೆಯಾದ್ದರಿಂದ, ಕೆಟ್ಟಾಗ ಬಯ್ಯುವುದಕ್ಕೆ ನಾನೊಬ್ಬನೇ ಸಿಗುತ್ತೇನೆ ಎಂಬುದು ಆಗ ಹೊಳೆದಿರಲಿಲ್ಲ.

ಎರಡು ಟೆರಾಬೈಟಿನ ಹಾರ್ಡ್‌ಡಿಸ್ಕ್ ತಂದು ಜೋಡಿಸಿದರೆ ವಿಂಡೋಸ್ ಅದನ್ನು 1.81 ಎಂದು ತೋರಿಸಿತು. ಡಿಸ್ಕ್ ತಯಾರಿಸುವವರು ಸಾವಿರದ ಲೆಕ್ಕದಲ್ಲಿ ಅಳೆಯುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಅಳೆಯುತ್ತದೆ, ಹಾಗಾಗಿ ಇದು ಮೋಸವಲ್ಲ ಎಂದು ಹೆಂಡತಿಗೆ ವಿವರಿಸಿದೆ. “ನಮ್ಮ ಹಾಲಿನವನೂ ಹೀಗೇ ಹೇಳ್ತಾನೆ” ಎಂದಳು.

ಡಿವಿಡಿಗಳನ್ನು ಒಂದೊಂದಾಗಿ ನಕಲಿಸುವುದರಲ್ಲಿ ಮೂರು ಭಾನುವಾರಗಳು ಹೋದವು. ಅದರಲ್ಲಿ ಹೇಳುವಂಥದ್ದೇನೂ ಇಲ್ಲ. ಹೇಳಬೇಕಾದದ್ದು ಹೆಸರಿಡುವ ಶಾಸ್ತ್ರದ ಬಗ್ಗೆ. ಈ ತಂತ್ರಾಂಶವು ಕಡತದ ಹೆಸರನ್ನು ಓದಿ, ಅಂತರ್ಜಾಲದಲ್ಲಿರುವ ಚಲನಚಿತ್ರ ಕೋಶದಲ್ಲಿ ಹುಡುಕಿ, ಪೋಸ್ಟರು, ತಾರಾಗಣ, ಕಥಾಸಾರಗಳನ್ನು ತಾನೇ ತಂದು ಅಂಟಿಸುತ್ತದೆ. ಗೊಂದಲವಾಗದಿರಲು ಹೆಸರಿನ ಪಕ್ಕದಲ್ಲಿ ಕಂಸ ಹಾಕಿ ಇಸವಿ ಬರೆಯಿರಿ ಎಂದು ಕೈಪಿಡಿಯಲ್ಲಿ ಸ್ಪಷ್ಟವಾಗಿಯೇ ಇದೆ. ಕೈಪಿಡಿ ಓದುವ ಪದ್ಧತಿ ನಮ್ಮ ವಂಶದಲ್ಲಿಲ್ಲ.

ಅಮ್ಮನ ಮೊದಲ ಬೇಡಿಕೆ ರಾಜಕುಮಾರ್ ಅವರ ‘ಗಂಧದ ಗುಡಿ’. 1973ರ ಆ ಚಿತ್ರಕ್ಕೆ ನಾನು ಇಸವಿ ಬರೆಯದಿದ್ದುದರಿಂದ, 2022ರ ಪುನೀತ್ ಅವರ ಸಾಕ್ಷ್ಯಚಿತ್ರದ ಪೋಸ್ಟರು ಬಂದು ಕೂತಿತ್ತು. “ಇದು ಮಗಂದಲ್ವೇನೋ?” ಎನ್ನುತ್ತಲೇ ಅಮ್ಮ ರಿಮೋಟ್ ಒತ್ತಿದರೆ ಪರದೆಯ ಮೇಲೆ ಅಪ್ಪ ಪ್ರತ್ಯಕ್ಷರಾದರು. ತಪ್ಪು ತಿದ್ದಲು ಹೊರಟೆ. ಅಮ್ಮ ಕೈ ಅಡ್ಡ ಹಿಡಿದರು. “ಮಗನ್ನ ಮುಟ್ಟಿದ್ರೆ ಅಪ್ಪ ಬರ್ತಾರೆ, ಹಾಗೇ ಇರ್ಲಿ ಬಿಡು.” ಅದು ಇವತ್ತಿಗೂ ಹಾಗೆಯೇ ಇದೆ.

ತಂಗಿಯ ಮದುವೆಯ ವಿಷಯದಲ್ಲಿ ಇಷ್ಟು ಸುಲಭಕ್ಕೆ ಪಾರಾಗಲಿಲ್ಲ. ಸ್ವಂತ ವಿಡಿಯೊಗಳಿಗೆಂದೇ ಇರುವ ಬೇರೆ ವಿಭಾಗವನ್ನು ಗಮನಿಸದೆ ಅದನ್ನು ಸಿನಿಮಾಗಳ ಜತೆಗೆ ಸೇರಿಸಿ, ‘ವೆಡ್ಡಿಂಗ್’ ಎಂದಷ್ಟೇ ಇಂಗ್ಲಿಷಿನಲ್ಲಿ ಹೆಸರು ಕೊಟ್ಟಿದ್ದೆ. ಹಬ್ಬಕ್ಕೆ ಬಂದ ಬೀಗಿತ್ತಿಯವರಿಗೆ ತೋರಿಸೋಣವೆಂದು ಟಿವಿ ಹಾಕಿದರೆ, ರಕ್ತ ಸುರಿಯುವ ಬಿಳಿ ಗೌನು ತೊಟ್ಟು, ಕೈಯಲ್ಲಿ ಚಾಕು ಹಿಡಿದ ಯಾವುದೋ ದೇಶದ ಮದುಮಗಳು ನಿಂತಿದ್ದಳು. ಕೆಳಗೆ ಚಿತ್ರದ ಬಗೆ ‘ಹಾರರ್’ ಎಂದಿತ್ತು. ಬೀಗಿತ್ತಿಯವರು ನಿವೃತ್ತ ಇಂಗ್ಲಿಷ್ ಮೇಡಂ. ಕನ್ನಡಕ ಏರಿಸಿಕೊಂಡು, ಮದುವೆಯ ಮರುದಿನದಿಂದ ಆ ಮನೆಯಲ್ಲಿ ಒಬ್ಬೊಬ್ಬರೇ ಕಾಣೆಯಾಗುವ ಕಥಾಸಾರವನ್ನು ಪೂರ್ತಿ ಓದಿ, “ಇದನ್ನ ಯಾರು ಬರೆದದ್ದು?” ಎಂದು ತಂಗಿಯ ಕಡೆ ನೋಡಿದರು. ತಂಗಿ ನನ್ನ ಕಡೆ ನೋಡಿದಳು. ನಾನು ರೂಟರಿನ ಕಡೆ ನೋಡಿದೆ.

ಭಾವಗೀತೆಗಳ ಹೆಸರುಗಳನ್ನು ಯಾರೋ ಹಳೆಯ ನುಡಿ ಅಕ್ಷರಶೈಲಿಯಲ್ಲಿ ಟೈಪಿಸಿದ್ದರು. ಆ ಕಾಲದ ಅಕ್ಷರಗಳು ಈಗಿನ ಯಂತ್ರಗಳು ಓದುವ ಯುನಿಕೋಡ್ ಅಲ್ಲ, ಇಂಗ್ಲಿಷ್ ಸಂಕೇತಗಳಿಗೆ ತೊಡಿಸಿದ ಕನ್ನಡದ ವೇಷ. ಟಿವಿಯಲ್ಲಿ ಆ ವೇಷ ಕಳಚಿ, ತಲೆಯ ಮೇಲೆ ಸೊನ್ನೆ, ಕೊಂಬು ಹೊತ್ತ ರೋಮನ್ ಅಕ್ಷರಗಳ ಮೆರವಣಿಗೆ ಕಾಣಿಸಿತು. ಹೀಗಾಗಿ ನಮ್ಮಲ್ಲಿ ಹಾಡುಗಳನ್ನು “ಮೇಲಿಂದ ಏಳನೇದು” ಎಂದು ಕರೆಯುತ್ತೇವೆ. ಫೋನಿನಲ್ಲಿ ತೆಗೆದ ವಿಡಿಯೊಗಳು ಎಚ್‌ಇವಿಸಿ ಎಂಬ, ವಿಡಿಯೊವನ್ನು ಕುಗ್ಗಿಸಿಡುವ ರೂಪದಲ್ಲಿದ್ದು, ನಮ್ಮ ಹಳೆಯ ಟಿವಿಗೆ ಅದು ಅರ್ಥವಾಗದ ಕಾರಣ ಕಂಪ್ಯೂಟರ್ ಕ್ಷಣಕ್ಷಣಕ್ಕೂ ಭಾಷಾಂತರಿಸುತ್ತಲೇ ಇರಬೇಕು, ಆ ದುಡಿಮೆಗೆ ಅದರ ಫ್ಯಾನು ರುಬ್ಬುವ ಗ್ರೈಂಡರಿನಂತೆ ಮೊರೆಯುವಾಗ, ಅಡುಗೆಮನೆಯಿಂದ “ಹಿಟ್ಟು ಹಾಕಿದ್ದು ಯಾರು?” ಎಂಬ ಪ್ರಶ್ನೆ ಬರುತ್ತದೆ.

ಎಲ್ಲಕ್ಕಿಂತ ಕಾಡಿದ್ದು, ಮನೆಯ ವೈಫೈಯೊಳಗೆ ರೂಟರ್ ಆ ಕಂಪ್ಯೂಟರಿಗೆ ಕೊಡುವ ವಿಳಾಸ. ಟಿವಿಯ ಪಕ್ಕದ ಗೋಡೆಗೆ, ಗ್ಯಾಸ್ ಬುಕಿಂಗ್ ನಂಬರಿನ ಕೆಳಗೆ, 192.168.1.7:8096 ಎಂದು ದಪ್ಪಕ್ಷರದಲ್ಲಿ ಬರೆದು ಅಂಟಿಸಿದ್ದೆ. ಆದರೆ ಕರೆಂಟು ಹೋಗಿ ಬಂದಾಗ ರೂಟರ್ ಕೆಲವೊಮ್ಮೆ ಆ 7ನ್ನು ಬೇರೆ ಯಾವುದೋ ಫೋನಿಗೆ ಕೊಟ್ಟು, ನಮ್ಮ ಕಂಪ್ಯೂಟರಿಗೆ 12 ಕೊಡುತ್ತಿತ್ತು. ಆಫೀಸಿನ ಮೀಟಿಂಗ್ ನಡುವೆ ಅಮ್ಮನ ಫೋನು: “ಟಿವಿ ಬರ್ತಿಲ್ಲ ಕಣೋ.” ಮರುಗಳಿಗೆಯಲ್ಲಿ ಹೆಂಡತಿಯದು: “ರೀ, ಅತ್ತೆಗೆ ಟಿವಿ ಬರ್ತಿಲ್ವಂತೆ.” ಹೆಗಲಿಗೆ ವೈರಿನ ಸುರುಳಿ ಸಿಕ್ಕಿಸಿಕೊಂಡು ಸೈಕಲ್ಲಿನಲ್ಲಿ ಬರುತ್ತಿದ್ದ ನಮ್ಮ ಬೀದಿಯ ಕೇಬಲ್ ಹುಡುಗನನ್ನು ಚಿಕ್ಕಂದಿನಲ್ಲಿ ನಾನೂ ಇದೇ ದನಿಯಲ್ಲಿ ಗದರಿದ್ದುಂಟು. ಆ ಕಂಪ್ಯೂಟರಿಗೆ 7ನ್ನು ಕಾಯಂ ಮಾಡುವ ಸೌಲಭ್ಯ ರೂಟರಿನಲ್ಲೇ ಇದೆಯೆಂದು ಕಂಡುಕೊಳ್ಳಲು ನನಗೆ ಎರಡು ತಿಂಗಳು ಬೇಕಾಯಿತು. ಅಷ್ಟರಲ್ಲಿ ಮಗಳು ಮೂರು ಓಟಿಟಿಗಳ ಪೈಕಿ ಒಂದನ್ನು ನನ್ನ ಫೋನಿನಿಂದಲೇ ನವೀಕರಿಸಿಕೊಂಡಿದ್ದಳು.

ಮೊನ್ನೆ ಎದುರುಮನೆಯವರು ಬಂದು, ಜಾಹೀರಾತಿಲ್ಲದೆ ಹಳೆಯ ಸಿನಿಮಾ ಓಡುತ್ತಿರುವುದನ್ನು ಕಂಡು ಬೆರಗಾಗಿ, ತಮ್ಮ ಮನೆಗೂ ಇದೇ ಕನೆಕ್ಷನ್ ಹಾಕಿಸಿಕೊಡಬೇಕೆಂದು ಅಮ್ಮನನ್ನು ಕೇಳಿದರಂತೆ.

“ಬೇಡ ರೀ, ಕೆಟ್ಟುಹೋದ್ರೆ ಫೋನೇ ಎತ್ತಲ್ಲ” ಎಂದರಂತೆ ಅಮ್ಮ.