ಪರ–ವಿರೋಧ: ವಿಡಿಯೊ ಸ್ಕೇಲರ್‌ಗೆ ಲಕ್ಷಗಟ್ಟಲೆ ಕೊಡುವ ಕಾಲ ಮುಗಿಯಿತಾ?

ಪರ: ದೊಡ್ಡ ಪರದೆ ಇದ್ದರೆ ಸ್ಕೇಲರ್ ಬೇಕೇ ಬೇಕು

ಈ ಪಕ್ಷ ವಹಿಸಿ ಬರೆಯಿರಿ ಎಂದು ನನ್ನನ್ನು ಕೇಳಿದರು. ಬೆಲೆಯ ವಿಷಯದಲ್ಲಿ ನನಗೂ ಪೂರ್ತಿ ಒಪ್ಪಿಗೆ ಇಲ್ಲ. ಆದರೆ ಪ್ಲೇಯರ್‌ಗೂ ಪ್ರೊಜೆಕ್ಟರ್‌ಗೂ ನಡುವೆ ಕೂತು, ಚಿತ್ರವನ್ನು ಪರದೆಗೆ ತಕ್ಕಂತೆ ಹಿಗ್ಗಿಸಿ ತಿದ್ದುವ ಈ ಪೆಟ್ಟಿಗೆ ಮಾಡುವ ಕೆಲಸ ಚಿಕ್ಕದಲ್ಲ. ಅದನ್ನು ಹೇಳಲೇಬೇಕು.

ಒಂದು ಪಾಲ್ (ನಮ್ಮ ಹಳೆ ಟಿವಿಗಳ ಮಾದರಿ) ಡಿವಿಡಿ ತಗೊಳ್ಳಿ. ಅಡ್ಡಕ್ಕೆ 720, ಉದ್ದಕ್ಕೆ 576 ಪಿಕ್ಸೆಲ್. ಒಟ್ಟು ಸುಮಾರು 4.15 ಲಕ್ಷ. 4ಕೆ ಪ್ರೊಜೆಕ್ಟರ್‌ನಲ್ಲಿ 3840ಕ್ಕೆ 2160, ಸುಮಾರು 83 ಲಕ್ಷ. ಸರಿಯಾಗಿ 20 ಪಟ್ಟು! ಅಂದರೆ ಗೋಡೆ ಮೇಲೆ ಕಾಣುವ 20 ಪಿಕ್ಸೆಲ್‌ಗಳಲ್ಲಿ 19 ಆ ಡಿಸ್ಕ್‌ನಲ್ಲಿ ಇಲ್ಲವೇ ಇಲ್ಲ. ಅವನ್ನು ಯಾರೋ ಲೆಕ್ಕ ಹಾಕಿ ತುಂಬಬೇಕು. ಜೊತೆಗೆ ಇಂಟರ್‌ಲೇಸ್ ಕಾಟ ಬೇರೆ. ಬೆಸ ಗೆರೆಗಳು ಒಮ್ಮೆ, ಸಮ ಗೆರೆಗಳು ಇನ್ನೊಮ್ಮೆ ಬರುತ್ತವೆ. ಎರಡನ್ನೂ ಸರಿಯಾಗಿ ಜೋಡಿಸದಿದ್ದರೆ, ನಾಯಕಿ ತಿರುಗಿದ ಕೂಡಲೇ ಸೀರೆ ಅಂಚು ಗರಗಸದ ಹಲ್ಲಿನ ಹಾಗೆ ಕಾಣುತ್ತದೆ. 32 ಇಂಚಿನ ಟಿವಿಯಲ್ಲಿ ಇದು ಗೊತ್ತಾಗಲ್ಲ. 120 ಇಂಚಿನ ಪರದೆಯಲ್ಲಿ ಕಣ್ಣಿಗೆ ರಾಚುತ್ತದೆ.

ಈಗಿನ ಡಿಸ್ಕ್‌ಗಳ ತೊಂದರೆ ಬೇರೆ. ಎಚ್‌ಡಿಆರ್, ಅಂದರೆ ಬೆಳಕು–ಕತ್ತಲೆಯ ಅಂತರ ಹೆಚ್ಚಿರುವ ಸಿನಿಮಾಗಳನ್ನು 1000 ಅಥವಾ 4000 ನಿಟ್ಸ್ (ಪರದೆಯ ಹೊಳಪಿನ ಅಳತೆ) ಬೆಳಕಿಗೆ ತಯಾರು ಮಾಡಿರುತ್ತಾರೆ. ಮನೆಯ ಪ್ರೊಜೆಕ್ಟರ್ ಪರದೆ ಮೇಲೆ 100 ನಿಟ್ಸ್ ಕೊಟ್ಟರೆ ಅದೇ ಜಾಸ್ತಿ. ಅಷ್ಟು ಬೆಳಕನ್ನು ಇಷ್ಟರೊಳಗೆ ತುರುಕುವಾಗ ಮೋಡವೆಲ್ಲ ಬಿಳಿ ತೇಪೆಯಾಗಬಾರದು, ಕತ್ತಲೆಯ ಮುಖ ಮುಳುಗಬಾರದು. ಲುಮಾಜೆನ್, ಮ್ಯಾಡ್‌ವಿಆರ್ ಕಂಪನಿಗಳ ಪೆಟ್ಟಿಗೆಗಳು ಫ್ರೇಮ್ ಫ್ರೇಮ್ ಅಳೆದು ಇದನ್ನು ಮಾಡುತ್ತವೆ. ಸಿನಿಮಾ ಚಿತ್ರದ ಅಗಲ–ಎತ್ತರದ ಅನುಪಾತ ಬದಲಾದರೆ ತಾವೇ ಕಂಡುಹಿಡಿದು ಚಿತ್ರವನ್ನು ಪರದೆಗೆ ಕೂರಿಸುತ್ತವೆ.

ಬೆಲೆ ಯಾಕೆ ಇಳಿಯಲ್ಲ ಅಂದರೆ, ಇದು ಲಕ್ಷಗಟ್ಟಲೆ ಜನ ಕೊಳ್ಳುವ ಮಾಲಲ್ಲ. ಕೆಲವೇ ಎಂಜಿನಿಯರ್‌ಗಳು, ಕೆಲವೇ ಗಿರಾಕಿಗಳು. ಮಾರಿದ ಮೇಲೂ ವರ್ಷಗಟ್ಟಲೆ ಸಾಫ್ಟ್‌ವೇರ್ ತಿದ್ದಿ ಕೊಡಬೇಕು. ಅಗ್ಗದ್ದೇ ಸಾಕು ಅನ್ನುವವರು ಸಿನಿಮಾವನ್ನು ಫೋನಿನಲ್ಲೇ ನೋಡಿಕೊಳ್ಳಲಿ. ದೊಡ್ಡ ಪರದೆ ಹಾಕಿಸಿಕೊಂಡವರಿಗೆ ಆ ದಾರಿ ಇಲ್ಲ.

ವಿರೋಧ: ಇವತ್ತು ಲಕ್ಷ, ನಾಳೆ ಪುಕ್ಕಟೆ

ಸ್ಕೇಲಿಂಗ್ ಅಂದರೆ ಚಿಪ್‌ನ ಕೆಲಸ. ಚಿಪ್ ಅಗ್ಗವಾಗುತ್ತದೆ. ನನ್ನ ವಾದ ಇಷ್ಟೇ, ಇದನ್ನು ಹತ್ತು ಸಲ ಬೇಕಾದರೂ ಹೇಳುತ್ತೇನೆ.

1990ರ ದಶಕದಲ್ಲಿ ಈ ಲೋಕದ ದೊಡ್ಡ ಹೆಸರು ಕ್ಯಾಲಿಫೋರ್ನಿಯಾದ ಫರೂಜಾ. ಗೆರೆಗಳನ್ನು ಎರಡು ಪಟ್ಟು, ನಾಲ್ಕು ಪಟ್ಟು ಮಾಡುವ ಅವರ ಪೆಟ್ಟಿಗೆಗಳಲ್ಲಿ ಕೆಲವು ಹತ್ತು ಸಾವಿರ ಡಾಲರ್ ದಾಟಿದ್ದವು. ಕೊಂಡವರು ಅದನ್ನು ಮನೆ ದೇವರ ಹಾಗೆ ನೋಡಿಕೊಂಡರು. ಆಮೇಲೆ ಏನಾಯಿತು? ಕಂಪನಿ ಕೈ ಬದಲಾಯಿತು, ವಿದ್ಯೆ ಚಿಪ್‌ಗೆ ಇಳಿಯಿತು. 2005ರ ಹೊತ್ತಿಗೆ ಫರೂಜಾ ಚಿಪ್ ಇದ್ದ ಒಪ್ಪೊ ಡಿವಿಡಿ ಪ್ಲೇಯರ್ 200 ಡಾಲರ್‌ಗೆ ಸಿಗುತ್ತಿತ್ತು. ಡಿಸ್ಕ್ ಪ್ಲೇಯರ್ ಕೊಂಡರೆ ಸ್ಕೇಲರ್ ಜೊತೆಗೇ ಬಂತು! ಆಂಕರ್ ಬೇ ಎಂಬ ಕಂಪನಿಯ ಕಥೆಯೂ ಇದೇ. ಅವರ ಡಿವಿಡಿಒ ಸ್ಕೇಲರ್‌ನ ತಂತ್ರ ಮುಂದೆ ಒಪ್ಪೊದ 400 ಡಾಲರ್ ಪ್ಲೇಯರ್ ಒಳಗೆ ಸೇರಿತು.

ಎಚ್‌ಡಿಆರ್‌ನ ಮಾತು ಎತ್ತುವವರಿಗೆ 2019 ನೆನಪಿಸುತ್ತೇನೆ. ಫ್ರೇಮ್ ಫ್ರೇಮ್ ಅಳೆದು ಬೆಳಕು ಹೊಂದಿಸುವ ಕೆಲಸವನ್ನು ಜೆವಿಸಿ ತನ್ನ ಪ್ರೊಜೆಕ್ಟರ್‌ಗಳಿಗೆ ಸಾಫ್ಟ್‌ವೇರ್ ಅಪ್‌ಡೇಟ್‌ನಲ್ಲೇ ಕೊಟ್ಟಿತು, ಪುಕ್ಕಟೆಯಾಗಿ. ಅದೇ ವರ್ಷ ಎನ್ವಿಡಿಯಾ 150 ಡಾಲರ್‌ನಿಂದ ಶುರುವಾಗುವ ಶೀಲ್ಡ್ ಟಿವಿ ಎಂಬ, ಟಿವಿಗೆ ಜೋಡಿಸುವ ಪುಟ್ಟ ಸಾಧನದಲ್ಲಿ ಎಐ ಅಪ್‌ಸ್ಕೇಲಿಂಗ್ ಹಾಕಿತು. ಮ್ಯಾಡ್‌ವಿಆರ್ ಕೂಡ ಮೊದಲು ಕಂಪ್ಯೂಟರ್‌ನಲ್ಲಿ ಹಾಕಿಕೊಳ್ಳುವ ಉಚಿತ ಸಾಫ್ಟ್‌ವೇರೇ ಅಲ್ವಾ? ಅದರ ಪೆಟ್ಟಿಗೆಯೊಳಗೆ ಕೆಲಸ ಮಾಡುವುದು ಆಟದ ಕಂಪ್ಯೂಟರ್‌ಗಳಲ್ಲಿರುವಂಥ ಗ್ರಾಫಿಕ್ಸ್ ಕಾರ್ಡು.

ಇನ್ನು ದುಬಾರಿ ಬೆಲೆ ಎಲ್ಲಿಂದ ಬರುತ್ತದೆ ಎಂಬುದಕ್ಕೆ 2010ರ ಒಂದು ಪ್ರಸಂಗ ಸಾಕು. ಲೆಕ್ಸಿಕಾನ್‌ನ ಬಿಡಿ-30 ಬ್ಲೂ-ರೇ ಪ್ಲೇಯರ್‌ಗೆ 3500 ಡಾಲರ್. ಆಡಿಯೋಹಾಲಿಕ್ಸ್ ಎಂಬ ವೆಬ್‌ಸೈಟಿನವರು ಬಿಚ್ಚಿ ನೋಡಿದರು. ಒಳಗೆ 500 ಡಾಲರ್‌ನ ಒಪ್ಪೊ ಬಿಡಿಪಿ-83 ಹಾಗೇ ಕೂತಿತ್ತು. ಹೊರಗಿನ ದಪ್ಪ ಅಲ್ಯೂಮಿನಿಯಂ ಮುಖಕ್ಕೆ ಮೂರು ಸಾವಿರ ಡಾಲರ್! ಗಿರಾಕಿಗೆ ಮಾಡಿದ ಈ ಅನ್ಯಾಯವನ್ನು ನೆನೆದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ನಮ್ಮ ಮಾವನ ಮನೆಯ ವಿಷಯ ಹೇಳಬೇಕು. ಮೈಸೂರಿನಲ್ಲಿ ಮಹಡಿ ಮೇಲೊಂದು ಥಿಯೇಟರ್ ಕೋಣೆ ಮಾಡಿಸಿದ್ದಾರೆ. ನಿವೃತ್ತಿಯ ದುಡ್ಡಿನಲ್ಲಿ ಸ್ಕೇಲರ್ ತರಿಸಿದ್ದರು. ಅತ್ತೆ ಅದಕ್ಕೆ ಅರಿಶಿನ ಕುಂಕುಮ ಇಟ್ಟು ಪೂಜೆ ಮಾಡಿದ್ದರು. ಕೆಲವು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ 4ಕೆ ಪ್ರೊಜೆಕ್ಟರ್ ಬಂತು, ಇಂಟರ್‌ನೆಟ್ ಸಿನಿಮಾ ತೋರಿಸುವ 4ಕೆ ಸ್ಟಿಕ್ ಬಂತು. ಸ್ಕೇಲರ್ ಮೂಲಕ ಹಾಕಿದರೆ ಬರೀ ಕಪ್ಪು ಪರದೆ. ವೈರ್ ಬದಲಿಸಿದೆವು, ಆಫ್ ಮಾಡಿ ಆನ್ ಮಾಡಿದೆವು, ಏನೂ ಇಲ್ಲ. 4ಕೆಗೆ ಎಚ್‌ಡಿಸಿಪಿ 2.2 ಎಂಬ, ನಕಲು ತಡೆಯುವ ಹೊಸ ಬೀಗ ಬಂದಿತ್ತು. ಹಳೆ ಪೆಟ್ಟಿಗೆಗೆ ಅದರ ಕೀಲಿ ಇಲ್ಲ, ಸಾಫ್ಟ್‌ವೇರ್‌ನಿಂದ ಸರಿಪಡಿಸಲೂ ಆಗಲ್ಲ. ರಿಪೇರಿಯವನು, ‘ಬೋರ್ಡೇ ಬೇರೆ ಸಾರ್, ಇದಕ್ಕೆ ಕೂರಲ್ಲ’ ಎಂದು ಕೈ ಚೆಲ್ಲಿದ. ಮಾವ ಸ್ಟಿಕ್ಕನ್ನು ನೇರ ಪ್ರೊಜೆಕ್ಟರ್‌ಗೇ ಚುಚ್ಚಿದರು. ಚಿತ್ರ ಜಗ್ ಅಂತ ಬಂತು. ಅವರ ಮುಖ ನೋಡಲು ನನಗೆ ಸಂಕಟವಾಯಿತು. ಸ್ಪೀಕರ್‌ಗಳನ್ನೂ ಅವರು ಅದೇ ವರ್ಷ ತಂದಿದ್ದರು. ಅವು ಈಗಲೂ ಹೊಸದರಂತೆ ಹಾಡುತ್ತವೆ. ಸ್ಕೇಲರ್ ಮಾತ್ರ ಸುಮ್ನೆ ಧೂಳು ತಿನ್ನುತ್ತಿದೆ.

20 ಪಟ್ಟು ಪಿಕ್ಸೆಲ್ ಲೆಕ್ಕ ಕೇಳಲು ಚೆಂದ. ಆದರೆ ಚಿತ್ರವನ್ನು ನಿಲ್ಲಿಸಿ, ಪರದೆಗೆ ಮೂಗು ಹಚ್ಚಿ ಸಿನಿಮಾ ನೋಡುವವರು ಯಾರು?

ಲಕ್ಷ ರೂಪಾಯಿ ಕೈಯಲ್ಲಿದ್ದರೆ ಮೊದಲು ಕೋಣೆ ನೋಡಿ. ಸೂರಿಗೆ, ಪರದೆ ಪಕ್ಕದ ಗೋಡೆಗಳಿಗೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿಸಿ. ಬಿಳಿ ಸೂರಿನಿಂದ ಬೆಳಕು ವಾಪಸ್ ಬಂದು ಪರದೆಯ ಕಪ್ಪನ್ನು ಬೂದು ಬಣ್ಣ ಮಾಡುತ್ತದೆ, ಅದನ್ನು ಯಾವ ಸ್ಕೇಲರ್ ಕೈಯಲ್ಲೂ ತಡೆಯಲಾಗದು. ಕಿಟಕಿಗೆ ದಪ್ಪ ಪರದೆ ಹಾಕಿಸಿ. ಉಳಿದ ದುಡ್ಡನ್ನು ಒಳ್ಳೆಯ ಪ್ರೊಜೆಕ್ಟರ್‌ಗೆ ಹಾಕಿ. ಸ್ಕೇಲರ್ ಅದರೊಳಗೇ ಬರುತ್ತದೆ.