ಹದಿನಾಲ್ಕು ಕೈ, ಒಂದು ಮಷೀನು

ಪೇಪರಿನಲ್ಲಿ ಬರುವ ಆ ಫೋಟೋ ನೀವೂ ನೋಡಿದ್ದೀರಿ. ಯಾವ ಊರಿನದು, ಯಾವ ತಾರೀಕಿನದು ಎಂದು ಕೇಳಬೇಡಿ. ವರ್ಷಕ್ಕೆ ನಾಲ್ಕು ಸಲ ಅದೇ ಫೋಟೋ ಬರುತ್ತದೆ, ಹಾರದ ಹೂವು ಮಾತ್ರ ಬದಲಾಗಿರುತ್ತದೆ. ಹಿಂದೆ ಫ್ಲೆಕ್ಸು. ಮುಂದೆ ಒಂದು ಕಪ್ಪು ಹೊಲಿಗೆ ಮಷೀನು. ಅದರ ಮೇಲೆ ಹದಿನಾಲ್ಕು ಕೈ. ಮೊನ್ನೆ ಚಹಾ ಆರುವ ತನಕ ಕೂತು ಎಣಿಸಿದೆ, ಹದಿನಾಲ್ಕೇ. ಮಷೀನು ಕೊಡುತ್ತಿದ್ದಾರೋ ಕಿತ್ತುಕೊಳ್ಳುತ್ತಿದ್ದಾರೋ ನೋಡಿದವರಿಗೆ ತಿಳಿಯುವಂತಿಲ್ಲ. ಫಲಾನುಭವಿ ಎಂಬ ಹೆಣ್ಣುಮಗಳು ಎಡತುದಿಯಲ್ಲಿದ್ದಾಳೆ, ಒಂದು ಕಿವಿ ಮತ್ತು ಒಂದು ಓಲೆಯಷ್ಟು.

ಬಳ್ಳಾರಿಯಲ್ಲಿ ನಿಂತು, ಹೆಂಗಸರಿಗೆ ಹೊಲಿಗೆ ಕಲಿಸಿ ಸ್ವಾವಲಂಬಿಗಳನ್ನಾಗಿ ಮಾಡುತ್ತೇವೆ ಎಂದು ಭಾಷಣ ಮಾಡಲಿಕ್ಕೆ ಗುಂಡಿಗೆ ಬೇಕು. ಮನೆಮನೆಯಲ್ಲಿ ಜೀನ್ಸ್ ಹೊಲಿಯುವ ಇಲ್ಲಿನ ಕೌಲ್ ಬಜಾರಿನ ಸಂದಿಗಳಲ್ಲಿ ಒಮ್ಮೆ ಅಡ್ಡಾಡಿ ಬರಲಿ. ಒಂದು ಮನೆಯಲ್ಲಿ ಜಿಪ್ ಕೂರಿಸುತ್ತಿರುತ್ತಾರೆ, ಎದುರು ಮನೆಯಲ್ಲಿ ಬೆಲ್ಟಿನ ಲೂಪು, ಮೂಲೆಮನೆಯ ಅಜ್ಜಿ ಹೊಸ್ತಿಲ ಮೇಲೆ ಕೂತು ದಾರ ಕತ್ತರಿಸುತ್ತಿರುತ್ತಾಳೆ. ಕಂಟೋನ್ಮೆಂಟಿನ ಸಿಪಾಯಿಗಳಿಗೆ ಯೂನಿಫಾರ್ಮು ಹೊಲಿಯುತ್ತಿದ್ದ ದರ್ಜಿಗಳ ಮೊಮ್ಮಕ್ಕಳೇ ಜೀನ್ಸಿಗೆ ಇಳಿದರು ಎಂದು ಊರಿನ ಹಿರಿಯರು ಹೇಳುತ್ತಾರೆ. ಈ ಊರಿಗೆ ಹೊಲಿಗೆ ಕಲಿಸುವುದೆಂದರೆ ಮೀನಿಗೆ ಈಜು ಕಲಿಸಿ, ಸರ್ಟಿಫಿಕೇಟು ಕೊಟ್ಟು, ಮೀನಿನ ಜೊತೆ ಫೋಟೋ ತೆಗೆಸಿಕೊಂಡ ಹಾಗೆ.

ಇರಲಿ. ಆ ಪೇಪರು ನನ್ನ ಕೈಯಲ್ಲಿ ಬಹಳ ಹೊತ್ತು ಉಳಿಯಲಿಲ್ಲ. "ಓದಿದ್ದು ಆತೇನ್ರೀ? ಕೊಡ್ರಿ ಇತ್ಲಾಗ" ಎಂದು ಮನೆಯವಳು ಇಸಿದುಕೊಂಡು ನೆಲಕ್ಕೆ ಹಾಸಿದಳು. ತನ್ನ ಹಳೇ ಡ್ರೆಸ್ಸೊಂದನ್ನು ಉದ್ದಕ್ಕೆ ಮಡಚಿ ಅದರ ಮೇಲಿಟ್ಟು, ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು, ಹೊಲಿಗೆಗೆಂದು ಅರ್ಧ ಇಂಚು ಬಿಟ್ಟು ಕತ್ತರಿ ಓಡಿಸಿದಳು. ಕೊರಳಿನ ಕಮಾನು ತಿರುಗುವಲ್ಲಿ ಮುಖ್ಯ ಅತಿಥಿಗಳ ಕೊರಳೇ ಹೋಯಿತು. ಅಧ್ಯಕ್ಷರು ಕಂಕುಳಿಗೆ ಬಂದರು.

"ಏನ ಇದು?" ಎಂದೆ.

"ಜರ್ಸಿ."

ಒಳಗಿನಿಂದ ಅವ್ವನ ದನಿ: "ಜರ್ಸಿ ಆಕಳಾ? ಈ ಬಾಡಿಗಿ ಮನ್ಯಾಗ ಎಲ್ಲಿ ಕಟ್ತೀರಪಾ?"

ಅವ್ವ ಕೇಳಿದ್ದರಲ್ಲಿ ತಪ್ಪಿಲ್ಲ. ಆ ಆಕಳಿಗೂ ಈ ಬಟ್ಟೆಗೂ ತವರು ಒಂದೇ. ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವಿನ ಕಡಲಿನಲ್ಲಿ ಜರ್ಸಿ ಎಂಬ ಪುಟ್ಟ ದ್ವೀಪವಿದೆ. ಅಲ್ಲಿಯವರು ಉಣ್ಣೆ ಹೆಣೆಯುವುದರಲ್ಲಿ ಹೆಸರಾದರು, ಅವರ ಆಕಳು ಹಾಲಿನಲ್ಲಿ ಹೆಸರಾಯಿತು. ನಮ್ಮ ಕಡೆ ಸಾಲ-ಸಬ್ಸಿಡಿಯ ಕೊರಳಪಟ್ಟಿ ಕಟ್ಟಿಕೊಂಡು ಮೊದಲು ಬಂದದ್ದು ಆಕಳು. ಆ ಫೋಟೋದಲ್ಲೂ ಹದಿನಾಲ್ಕು ಕೈ ಇದ್ದವು. ಆದರೆ ಆಕಳು ಒದೆಯುತ್ತದೆ, ಸಗಣಿ ಹಾಕುತ್ತದೆ, ಭಾಷಣದ ನಡುವೆ ಅಂಬಾ ಅನ್ನುತ್ತದೆ. ಮಷೀನು ಏನೂ ಅನ್ನುವುದಿಲ್ಲ. ಆಕಳಿನ ಹಗ್ಗ ಬಿಟ್ಟು ಎಲ್ಲರೂ ಮಷೀನಿಗೆ ಕೈ ಹಾಕಿದ್ದಕ್ಕೆ ನನಗಂತೂ ಬೇರೆ ಕಾರಣ ಹೊಳೆಯುವುದಿಲ್ಲ.

ಬಟ್ಟೆಯ ಜರ್ಸಿ ಅಂದರೆ ಮತ್ತೇನಲ್ಲ, ನಮ್ಮ ಬನಿಯನ್ ಬಟ್ಟೆ. ಮಗ್ಗದಲ್ಲಿ ನೇಯ್ದದ್ದಲ್ಲ, ಕುಣಿಕೆಯೊಳಗೆ ಕುಣಿಕೆ ಹಾಕಿ ಹೆಣೆದದ್ದು. ಅದಕ್ಕೇ ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ. ಏಪ್ರಿಲ್ ಬಂತೆಂದರೆ 42 ಡಿಗ್ರಿ ಕಾಯುವ ಊರಿನಲ್ಲಿ ಮನೆಗೆ, ಮಾರ್ಕೆಟ್ಟಿಗೆ ಹಾಕಿಕೊಳ್ಳಲು ಅದಕ್ಕಿಂತ ಹಿತವಾದದ್ದಿಲ್ಲ ಎಂಬುದು ಇವಳ ವಾದ. "ಹಂಗಾರ ಬೆಂಗಳೂರು ರೋಡಿನ ಅಂಗಡಿಗೆ ಹೋಗಿ ಒಂದು ತಗಂಡು ಬಾ" ಎಂದೆ. ಆ ಮಾತು ಆಡಬಾರದಿತ್ತು.

"ಅಂಗಡ್ಯಾಗಿನ ಡ್ರೆಸ್ಸಿಗೆ ಜೇಬು ಎಲ್ಲಿರ್ತದ್ರೀ?" ಎಂದಳು. "ಬಸ್ಸಿನ್ಯಾಗ ಆಧಾರ್ ತೋರ್ಸು ಅಂತಾರ, ಬ್ಯಾಂಕಿನ್ಯಾಗ ಒಟಿಪಿ ಹೇಳು ಅಂತಾರ. ಕಾರ್ಡು, ಫೋನು ಎಲ್ಲಿ ಇಟ್ಕಬೇಕು, ತಲಿ ಮ್ಯಾಲ?"

ಉತ್ತರ ನನ್ನಲ್ಲಿರಲಿಲ್ಲ, ಯಾರಲ್ಲೂ ಇದ್ದಂತಿಲ್ಲ. ಜೀನ್ಸಿಗೆ ಐದು ಜೇಬು. ಐದನೆಯದು ಬಲಗಡೆಯ ಜೇಬಿನೊಳಗಿನ ಪುಟಾಣಿ ಜೇಬು. ಗಡಿಯಾರ ಇಡಲು ಮಾಡಿದ್ದಂತೆ, ಈಗ ಅದರಲ್ಲಿ ಯಾರೂ ಏನೂ ಇಡುವುದಿಲ್ಲ. ಹಾಗಿದ್ದರೂ ಹೊಲಿಯಲೇಬೇಕು. ಬೆಳಗಿನಿಂದ ಸಂಜೆಯ ತನಕ ಯಾವನೋ ಗಂಡಸಿನ ಆ ಖಾಲಿ ಜೇಬಿಗೆ ಎರಡೆರಡು ಸಾಲು ಹೊಲಿಗೆ ಹಾಕುವ ಹೆಂಗಸು, ಕೂಲಿ ಎಣಿಸಿಕೊಂಡು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಮನೆಗೆ ಹೋಗುತ್ತಾಳೆ. ಹೊಸಪೇಟೆಯಲ್ಲೋ ದಿಲ್ಲಿಯಲ್ಲೋ ಕೂತು ಇದರ ಮೇಲೆ ಯಾರಾದರೂ ವಿಚಾರ ಸಂಕಿರಣ ಮಾಡಿಯಾರು. ಊಟದ ವ್ಯವಸ್ಥೆ ಇರುತ್ತದೆ.

ಇನ್ನು ಮಷೀನು. ಪಕ್ಕದ ಮನೆಯ ಅಕ್ಕನಿಗೆ ಇಂಥದೇ ಒಂದು ಸಮಾರಂಭದಲ್ಲಿ ಮಷೀನು ಬಂದಿತ್ತು. ತಲೆ ಬಂದಿತ್ತು, ಸ್ಟ್ಯಾಂಡು ಹಿಂದಿನಿಂದ ಬರುತ್ತದೆ ಅಂದಿದ್ದರು. ಆ ಹಿಂದಿನದು ಇವತ್ತಿಗೂ ಹಿಂದೆಯೇ ಇದೆ. ಗೃಹಲಕ್ಷ್ಮಿಯ ಎರಡು ಕಂತು ಒಟ್ಟಿಗೆ ಬಂದ ತಿಂಗಳು ಆಕೆಯೇ ಸ್ಟ್ಯಾಂಡು ಹಾಕಿಸಿಕೊಂಡಳು. ಅದೇ ಮಷೀನಿನ ಮೇಲೆ ಇಬ್ಬರೂ ಜರ್ಸಿಗೆ ಕೂತರು.

ಆ ಕಪ್ಪು ಮಷೀನು ಬಲು ನಿಷ್ಠಾವಂತ. ನೇರ ಹೊಲಿಗೆ ಬಿಟ್ಟು ಬೇರೆ ಬರುವುದಿಲ್ಲ. ಹಿಗ್ಗುವ ಬಟ್ಟೆಗೆ ಹಿಗ್ಗದ ಹೊಲಿಗೆ ಹಾಕಿದರೆ ಏನಾಗಬೇಕೋ ಅದೇ ಆಯಿತು: ತಲೆ ತೂರಿಸಿದ ಕೂಡಲೇ ಕೊರಳಿನ ದಾರ ಟಪ್ ಟಪ್ ಅಂತ ಹರಿಯಿತು. ಅದಕ್ಕೆ ಬೇಕಾದದ್ದು ಹಾವಿನಂತೆ ಅಡ್ಡಾಡಿ ಹೋಗುವ ಹೊಲಿಗೆ, ಪಿಕೋ ಅಂಗಡಿಯ ಮಷೀನು ಹಾಕುತ್ತದಲ್ಲ ಅದು. ಸೂಜಿಯೂ ಬೇರೆ. ಮಾಮೂಲಿ ಸೂಜಿ ಚೂಪಾಗಿದ್ದು ಕುಣಿಕೆಯನ್ನೇ ಕಡಿದು ತೂತು ಮಾಡುತ್ತದೆ. ಜರ್ಸಿಗೆ ತುದಿ ಗುಂಡಗಿರುವ ಬಾಲ್‌ಪಾಯಿಂಟ್ ಸೂಜಿ, 11 ನಂಬರಿನದು ಬೇಕು, ಅದು ಎಳೆಗಳನ್ನು ಸರಿಸಿಕೊಂಡು ಒಳಗೆ ಇಳಿಯುತ್ತದೆ. ಮೂರು ಅಂಗಡಿ ತಿರುಗಿದೆ. "ಲೇದು ಸಾರ್" ಎಂದರು. "ಜೀನ್ಸಿಂದು ಐತಿ ನೋಡ್ರಿ, 18 ನಂಬರು. ಚಕ್ಕಡಿ ಗಾಲಿಗೂ ತೂತು ಹಾಕ್ತೈತಿ." ನಾಲ್ಕನೆಯವನ ಹತ್ತಿರ ಒಂದು ಪ್ಯಾಕೆಟ್ಟು ಸಿಕ್ಕಿತು, ಧೂಳು ಊದಿ ಕೊಟ್ಟ.

ಅಕ್ಕನದೇ ಒಂದು ಉಪಾಯ. ಬಟ್ಟೆಯ ಅಡಿಗೆ ಪೇಪರಿನ ಪಟ್ಟಿ ಇಟ್ಟು, ಟಾಕೆ ದೊಡ್ಡದು ಮಾಡಿ, ಬಟ್ಟೆಯನ್ನು ಹಿಂದೆ ಮುಂದೆ ಚೂರು ಎಳೆದು ಹಿಡಿದು ಹೊಲಿದರೆ ನೇರ ಹೊಲಿಗೆಯೂ ಒಂದಿಷ್ಟು ತಾಳಿಕೊಳ್ಳುತ್ತದೆ, ಮಷೀನಿನ ಹಲ್ಲು ಬಟ್ಟೆ ನುಂಗುವುದಿಲ್ಲ. ಆಮೇಲೆ ಪೇಪರು ಹರಿದು ತೆಗೆದರಾಯಿತು. ಪಟ್ಟಿಗೆ ಸಿಕ್ಕಿದ್ದು ಅದೇ ಫೋಟೋದಲ್ಲಿ ಉಳಿದಿದ್ದ ಭಾಗ. ವೇದಿಕೆಯ ಗಣ್ಯರೆಲ್ಲ ಸಾಲಾಗಿ ಹೊಲಿಸಿಕೊಂಡು, ಸಾಲಾಗಿ ಹರಿಸಿಕೊಂಡರು. ಒಂದು ಉಂಗುರದ ಬೆರಳು ಇನ್ನೂ ಇವಳ ಪಕ್ಕೆಯ ಹೊಲಿಗೆಯಲ್ಲಿ ಸಿಕ್ಕಿಕೊಂಡಿದೆ, ಚಿಮಟಿಗೆಗೂ ಬರುತ್ತಿಲ್ಲ.

ಒಳ್ಳೆಯ ಬಟ್ಟೆಗೆ ಕೈ ಹಾಕುವ ಮುಂಚೆ ರೂಢಿ ಆಗಬೇಕಲ್ಲ, ಅದಕ್ಕೆ ಟ್ರಂಕಿನಲ್ಲಿದ್ದ ಎಲೆಕ್ಷನ್ ಟೀ ಶರ್ಟುಗಳು ಹೊರಗೆ ಬಂದವು. ಮೂರು ಪಕ್ಷದವೂ ಇವೆ. ನಾವು ಯಾರ ಮನಸ್ಸನ್ನೂ ನೋಯಿಸಿದವರಲ್ಲ. ಹಿಗ್ಗು ಇರುವ ದಿಕ್ಕು ಮೈಯ ಸುತ್ತ ಬರಬೇಕು, ಉದ್ದಕ್ಕೆ ಬಂದರೆ ಡ್ರೆಸ್ಸು ಜೋತು ಬೀಳುತ್ತದೆ ಎಂಬುದು ಇವಳಿಗೆ ಗೊತ್ತಾದದ್ದು ಮೊದಲನೆಯದನ್ನು ಕೆಡಿಸಿದ ಮೇಲೆ. ಎದೆಯ ಮೇಲಿದ್ದ ನಾಯಕರು ಅಡ್ಡ ಮಲಗಿಬಿಟ್ಟರು. ಒಂದು ಕಡೆ ಎಳೆದರೆ ಕಿವಿಯ ತನಕ ನಗುತ್ತಾರೆ, ಇನ್ನೊಂದು ಕಡೆ ಎಳೆದರೆ ಠೇವಣಿ ಹೋದವರಂತೆ ಅಳುತ್ತಾರೆ. ಎರಡನೆಯದರಲ್ಲಿ ಮುಂದೆ ಒಂದು ಪಕ್ಷ, ಹಿಂದೆ ಇನ್ನೊಂದು. ಅಕ್ಕ ನೋಡಿ, "ಇದು ಖರೇ ಸರ್ಕಾರ ಬಿಡವ್ವ" ಎಂದಳು. ಮಡಿಸಿ ಹೊಲಿಯುವ ಗೋಜೂ ಇಲ್ಲ, ಜರ್ಸಿಯ ಅಂಚು ಕತ್ತರಿಸಿ ಹಾಗೇ ಬಿಟ್ಟರೂ ಎಳೆ ಬಿಚ್ಚಿಕೊಳ್ಳುವುದಿಲ್ಲ, ಸುಮ್ಮನೆ ಸುರುಳಿ ಸುತ್ತಿಕೊಳ್ಳುತ್ತದೆ ಅಷ್ಟೆ. ಟಿಕೆಟ್ ಸಿಗದವರ ಸ್ವಭಾವ.

ಕಡೆಗೆ ಒಳ್ಳೆಯ ಬಟ್ಟೆ ತಂದದ್ದೂ ಆಯಿತು. ಹತ್ತಿಯ ಜರ್ಸಿಯನ್ನು ತೊಳೆಯದೆ ಕತ್ತರಿಸಿದರೆ ಮೊದಲ ಒಗೆತಕ್ಕೇ ಕುಗ್ಗಿ ತಂಗಿಯ ಮಗಳಿಗೆ ಆಗುತ್ತದೆ, ಆದ್ದರಿಂದ ಮೊದಲು ತೊಳೆದು ಒಣಗಿಸಬೇಕು. ತೊಳೆಯಲಿಕ್ಕೆ ನೀರು ಬೇಕು. ನಮ್ಮ ಓಣಿಯ ನಲ್ಲಿಗೆ ನೀರು ಬಂದು ಆರು ದಿನವಾಗಿತ್ತು, ಇನ್ನೂ ಎರಡು ದಿನ ಕಾಯಬೇಕಿತ್ತು. ಕೂತೆವು. ನೀರು ಬಂದ ದಿನ ತೊಳೆದದ್ದಾಯಿತು, ಇಸ್ತ್ರಿಗೆ ಕರೆಂಟಿಲ್ಲ. ಇಲ್ಲಿಂದ ಕಣ್ಣಳತೆಯಲ್ಲಿ ಕುಡಿತಿನಿ. ಅಲ್ಲಿ 1700 ಮೆಗಾವಾಟ್ ವಿದ್ಯುತ್ ಸ್ಥಾವರ. ಬೂದಿ ನಮಗೆ.

ಇಲ್ಲಿಗೆ ನಗೆ ಸಾಕಾಯಿತು ನನಗೆ. 2023ರ ಏಪ್ರಿಲ್‌ನಲ್ಲಿ ರಾಹುಲ್ ಗಾಂಧಿ ಈ ಊರಿಗೆ ಬಂದು ಜೀನ್ಸ್ ರಾಜಧಾನಿ ಮಾಡುತ್ತೇವೆ, 5000 ಕೋಟಿ ಕೊಡುತ್ತೇವೆ ಎಂದು ಹೇಳಿ ಹೋದರು. ಅವರಿಗಿಂತ ಮೊದಲು ಆಳಿದವರೂ ಈ ಲೆಕ್ಕದಿಂದ ಹೊರಗಿಲ್ಲ, ಅದನ್ನೂ ಹೇಳಿಬಿಡೋಣ. 2024ರಲ್ಲಿ ಮುಂಡರಗಿ ಕೈಗಾರಿಕಾ ಪ್ರದೇಶದ ಜೀನ್ಸ್ ತೊಳೆಯುವ ಘಟಕಗಳಿಗೆ ಮಾಲಿನ್ಯ ನಿಯಂತ್ರಣ ಮಂಡಳಿ ಬಾಗಿಲು ಹಾಕಿಸಿತು. ಬಣ್ಣದ ನೀರು ಚರಂಡಿಗೆ ಹೋಗಬಾರದು, ಸರಿ, ಒಪ್ಪಿದೆ. ಆ ನೀರು ಕುಡಿಯುವವರೂ ನಾವೇ. ಆದರೆ ಆ ನೀರನ್ನು ಶುದ್ಧ ಮಾಡುವ ವ್ಯವಸ್ಥೆ ಎಲ್ಲರಿಗೂ ಸೇರಿ ಒಂದು ಕಟ್ಟಬೇಕೆಂದು ಇಷ್ಟು ವರ್ಷ ಯಾರಿಗೂ ಅನ್ನಿಸಲಿಲ್ಲವೇ? ತೊಳೆಯದ ಜೀನ್ಸು ರಟ್ಟಿನ ಹಾಗೆ ಇರುತ್ತದೆ, ಯಾರೂ ಕೊಳ್ಳುವುದಿಲ್ಲ. ತೊಳೆಯುವುದು ನಿಂತರೆ ಹೊಲಿಯುವುದು ನಿಲ್ಲುತ್ತದೆ, ಹೊಲಿಯುವುದು ನಿಂತರೆ ಹೊಸ್ತಿಲ ಮೇಲಿನ ಅಜ್ಜಿಯ ಕತ್ತರಿ ನಿಲ್ಲುತ್ತದೆ. ಇದಕ್ಕೆ ವರದಿ ಬೇಕಿಲ್ಲ, ಬುದ್ಧಿ ಬೇಕು. ಕೆಲಸ ನಿಂತ ಮನೆಗೆ ಇನ್ನೊಂದು ಮಷೀನು ತಂದುಕೊಟ್ಟು ಚಪ್ಪಾಳೆ ತಟ್ಟಿಸಿಕೊಳ್ಳುತ್ತೀರಲ್ಲ, ಇದ್ದ ಮಷೀನಿನ ಮೇಲೆ ಬೆಡ್‌ಶೀಟು ಹೊದಿಸಿಟ್ಟಿದ್ದು ಕಾಣಲಿಲ್ಲವೇ ನಿಮಗೆ?

ಆ ವರ್ಷದ ಆಗಸ್ಟಿನಲ್ಲೇ ಅಲ್ಲವೇ ತುಂಗಭದ್ರೆಯ 19ನೇ ಗೇಟಿನ ಸರಪಳಿ ಹರಿದದ್ದು. 33 ಗೇಟಿನ ಅಣೆಕಟ್ಟು, ಒಂದು ಕಡೆ ದಾರ ಹರಿದರೆ ಸಾಕಾಯಿತು, ಅಷ್ಟೊಂದು ನೀರು ಕಣ್ಣೆದುರೇ ಹೊಳೆಗೆ ಹೋಯಿತು. ತುಂಬಿ ಹರಿಯುವ ನೀರಿನಲ್ಲೇ ಉಕ್ಕಿನ ತುಂಡು ಇಳಿಸಿ ತೇಪೆ ಹಾಕಿದ ಕನ್ನಯ್ಯ ನಾಯ್ಡು ಅವರಿಗೆ ನನ್ನ ಒಂದು ನಮಸ್ಕಾರ; ಇಷ್ಟು ದೊಡ್ಡ ಟೈಲರನ್ನು ನಾನು ನೋಡಿಲ್ಲ. ಅವರ ಸುತ್ತ ನಿಂತವರ ಕೈ ಮಾತ್ರ ನಾನು ಎಣಿಸಲಿಲ್ಲ.

ಡ್ರೆಸ್ಸು ಮುಗಿಯಿತು. ಭುಜ ಜೋಲಬಾರದೆಂದು ಒಳಗೆ ಲಾಡಿಯ ಪಟ್ಟಿ ಸೇರಿಸಿದ್ದಾಳೆ, ಕೊರಳ ಪಟ್ಟಿಯನ್ನು ಕೊರಳಿಗಿಂತ ಗಿಡ್ಡ ಕತ್ತರಿಸಿ ಎಳೆದು ಕೂರಿಸಿದ್ದಾಳೆ, ಅದೊಂದನ್ನು ಪಿಕೋ ಅಂಗಡಿಯಲ್ಲಿ ಹೊಲಿಸಿಕೊಂಡು ಬಂದಳು. ಎರಡು ಜೇಬು, ಆಳವಾದವು. ಫೋನಿನ ಭಾರಕ್ಕೆ ಬಟ್ಟೆ ಜಗ್ಗದಂತೆ ಜೇಬಿನ ಬಾಯಿಗೂ ಸೊಂಟದ ಹೊಲಿಗೆಗೂ ಒಂದು ಪಟ್ಟಿ ಕೊಟ್ಟು ಬಿಗಿದಿದ್ದಾಳೆ. ಹಾಕಿಕೊಂಡು, ಎರಡೂ ಕೈ ಜೇಬಿನಲ್ಲಿಟ್ಟು ಪಡಸಾಲೆಯಲ್ಲಿ ಎರಡು ಸುತ್ತು ತಿರುಗಿದಳು. ಅವ್ವ ನೋಡಿದರು, ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ನನ್ನ ಪೋಲಕಕ್ಕೂ ಒಂದು ಹಚ್ಚವ್ವ, ಅಡಕಿ ಚೀಲ ಇಡಾಕ" ಎಂದರು.

ಈಗ ಅಕ್ಕನದು ಹೊಲಿಯಬೇಕಂತೆ, ಉದ್ದ ತೋಳಿನದು. ರಾತ್ರಿ ಊಟಕ್ಕೆ ಬಡಿಸುತ್ತಾ ಕೇಳಿದಳು:

"ಏನ್ರೀ, ಮತ್ತ ಯಾವಾಗ ಐತಂತ ಮಷೀನ್ ಹಂಚೋದು? ಆ ದಿನದ ಪೇಪರ್ ತೆಗ್ದಿಡ್ರಿ. ತೋಳಿಗೆ ಕಾಗದ ಸಾಲವಲ್ದು."